ಹಳ್ಳದ ತಿರುವಿನಲ್ಲಿ ಗೇರು ಇಳಿಸುತ್ತಿದ್ದವರು

ನಮ್ಮ ಮನೆಯಲ್ಲಿ ಅವರು ಬರುವುದು ಮೊದಲು ಕಿವಿಗೆ ತಿಳಿಯುತ್ತಿತ್ತು. ಜಹೀರಾಬಾದಿನ ದೊಡ್ಡ ರಸ್ತೆ ಬಿಟ್ಟು ನಮ್ಮೂರ ಕಡೆ ಹೊರಳಿದರೆ ಒಂದು ಹಳ್ಳ, ಅದರ ಮೇಲೊಂದು ಗಿಡ್ಡ ಸೇತುವೆ, ಅದು ದಾಟಿದ ಕೂಡಲೇ ತಿರುವು. ಆ ತಿರುವಿನಲ್ಲಿ ಅವರ ದೊಡ್ಡ ಮೋಟರ್‌ಸೈಕಲ್ಲು ನಾಲ್ಕನೇ ಗೇರಿನಿಂದ ಮೂರಕ್ಕೆ ಇಳಿಯುತ್ತಿತ್ತು. ಬೇವಿನ ಮರದ ಹತ್ತಿರ ಎರಡಕ್ಕೆ. ನಮ್ಮ ಓಣಿಯ ಬಾಯಲ್ಲಿ ಒಂದಕ್ಕೆ. ಪ್ರತಿ ಸಲವೂ ಇಂಜಿನ್ನಿನ ದನಿ ಒಂದು ಕ್ಷಣ ಮೇಲೆದ್ದು, ಆಮೇಲೆ ದಪ್ಪಗಾಗಿ ಕೆಳಗೆ ಕೂರುತ್ತಿತ್ತು. ಎಲ್ಲಿಯೂ ಎಳೆದಾಟವಿಲ್ಲ, ಚೀರಾಟವಿಲ್ಲ.

ಆ ದನಿಗಳ ನಡುವಿನ ಹೊತ್ತಿನಲ್ಲಿ ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು, ಒಲೆಯ ಮೇಲೆ ಚಹಾದ ನೀರಿಟ್ಟು, ಅಡಿಗೆಮನೆಯ ಬಾಗಿಲ ಹಿಂದೆ ಸರಿಯುತ್ತಿದ್ದೆ. ಅವರು ನನ್ನ ಗಂಡನ ಅಣ್ಣ. ನನಗೆ ಭಾವ. ಹಾಗೆ ಬರೆಯುತ್ತಿದ್ದೇನೆಯೇ ಹೊರತು ಬಾಯಿ ತೆರೆದು ಒಂದೇ ಒಂದು ಸಲ ಬಿಟ್ಟರೆ ಅವರನ್ನು ಹಾಗೆ ಕರೆದವಳಲ್ಲ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ಕೂರುವುದಿಲ್ಲ, ಅವರ ಮುಂದೆ ಬರಿದಲೆಯಲ್ಲಿ ನಿಲ್ಲುವುದಿಲ್ಲ, ಅವರ ಸಂಗಡ ನೇರ ಮಾತಾಡುವುದಿಲ್ಲ. ಅವರೂ ಮಾತಾಡುವುದಿಲ್ಲ. ಹೇಳಬೇಕಾದದ್ದಿದ್ದರೆ ನಡುವೆ ಅತ್ತೆ ಇರುತ್ತಿದ್ದರು. ಅತ್ತೆ ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು. "ಕೊಡದಾಗ ನೀರು ಅದ ಏನೋ" ಎಂದು ಅವರು ಗೋಡೆಯ ಕಡೆ ನೋಡಿ ಅಂದರೆ, ನಾನು ತಂಬಿಗೆ ತುಂಬಿ ಹೊಸ್ತಿಲ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದೆ. ಇದು ನನಗೆ ಎಂದೂ ಕಷ್ಟವೆನಿಸಿದ್ದಿಲ್ಲ. ಈಗ ಅನಿಸುತ್ತದೆ.

ಅವರು ಲಿಂಗೈಕ್ಯರಾಗಿ ಒಂದು ಬೇಸಿಗೆ ಕಳೆಯಿತು. ಊರಿನ ಹುಡುಗರ ಗಾಡಿಗಳು ಈಗಲೂ ಹಳ್ಳ ದಾಟಿ ಬರುತ್ತವೆ. ಒಂದೂ ಆ ತಿರುವಿನಲ್ಲಿ ಗೇರು ಇಳಿಸುವುದಿಲ್ಲ. ಬಂದ ವೇಗದಲ್ಲೇ ಬಂದು ಬಾಗಿಲ ಮುಂದೆ ಗಕ್ಕನೆ ನಿಲ್ಲುತ್ತವೆ. ಎಂದೋ ಒಮ್ಮೆ ದೂರದಿಂದ ಬಂದ ಬೀಗರ ಗಾಡಿಯೊಂದು ದಾರಿ ಹೊಸದೆಂದು ಅಲ್ಲಿ ದನಿ ತಗ್ಗಿಸಿತು. ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು.

ಅವರು ಸಕ್ಕರೆ ಕಾರ್ಖಾನೆಯೊಂದರ ಫೀಲ್ಡ್‌ಮನ್ ಆಗಿದ್ದರು. ಯಾರ ಹೊಲದ ಕಬ್ಬು ಯಾವಾಗ ಕಡಿಯಬೇಕೆಂದು ನೋಡಿ ಬರುವುದು ಅವರ ಕೆಲಸ. ಮಂಜೀರಾ ನದಿಯ ದಂಡೆಯ ಹಳ್ಳಿಗಳನ್ನೆಲ್ಲ ಗಾಡಿಯ ಮೇಲೆ ಸುತ್ತುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಅದರ ಮೇಲೆಯೇ ಹೆಲ್ಮೆಟ್ ಹಾಕುತ್ತಿದ್ದರು. ಹೆಲ್ಮೆಟ್ಟಿನ ಒಳಗಿನ ಸ್ಪಂಜು ವಿಭೂತಿ ಹತ್ತಿ ಬೆಳ್ಳಗಾಗಿತ್ತು. "ನಿನ್ನ ಹಣಿಗಿಂತ ನಿನ್ನ ಟೋಪಿಗೇ ಭಕ್ತಿ ಭಾಳ ಅದ" ಎಂದು ಅತ್ತೆ ಅಣಕಿಸುತ್ತಿದ್ದರು. ಅವರು ನಗುತ್ತಿದ್ದರು. ಅವರ ನಗು ನಾನು ನೋಡಿದ್ದು ಕಡಿಮೆ, ಬಾಗಿಲ ಹಿಂದಿನಿಂದ ಕೇಳಿದ್ದೇ ಹೆಚ್ಚು.

ಗಾಡಿಯ ಪಕ್ಕದ ಡಬ್ಬಿಯಲ್ಲಿ ನಟ್ಟು ತಿರುಗಿಸುವ ಪಾನಾಗಳ ಜೊತೆ ಕೆಂಪು ಬಟ್ಟೆಯ ಚಿಂದಿಗಳನ್ನು ಇಟ್ಟುಕೊಂಡಿರುತ್ತಿದ್ದರು. ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಲಿ ಕಂಡರೆ ನಿಲ್ಲಿಸಿ, ಯಾರನ್ನೂ ಕೇಳದೆ, ಹೊರಗೆ ಚಾಚಿದ ಕಬ್ಬಿನ ತುದಿಗೆ ಒಂದು ಚಿಂದಿ ಕಟ್ಟಿ ಹೊರಡುತ್ತಿದ್ದರು. ಟ್ರ್ಯಾಕ್ಟರಿನವ "ಏನ್ರೀ ಅದು?" ಎಂದು ಕೂಗಿದರೆ, "ನಿನಗಲ್ಲಪ್ಪ, ಹಿಂದ ಬರಾಂವಗ" ಎನ್ನುತ್ತಿದ್ದರಂತೆ.

ನನ್ನ ಗಂಡನಿಗೆ ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅವರದೂ ಅಣ್ಣನಂಥದೇ ದೊಡ್ಡ ಗಾಡಿ, ಅಣ್ಣನನ್ನು ನೋಡಿಯೇ ಕೊಂಡದ್ದು. ಮನೆಗೆ ಹಾಸುಗಲ್ಲು ತರಲೆಂದು ತಾಂಡೂರಿಗೆ ಹೋದಾಗ, ಕಲ್ಲೊಂದು ಲಾರಿಯಿಂದ ಜಾರಿ ಅವರ ಬಲ ಭುಜದ ಮೇಲೆ ಬಿತ್ತು. ಎಲುಬು ಕೂಡಿಸಲು ಪಟ್ಟಿ ಹಾಕಿದರು. ಆದರೆ ನರ ಪೆಟ್ಟು ತಿಂದಿತ್ತು, ಬೆರಳು ಮಡಚುತ್ತಿರಲಿಲ್ಲ. ತಾಂಡೂರಿನಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಬ್ಬರಿದ್ದರು. "ತಪ್ಪಿಸದೆ ಕರೆದುಕೊಂಡು ಬಂದರೆ ಕೈ ಬರಬಹುದು. ಆದರೆ ಭುಜಕ್ಕೆ ಜರ್ಕ್ ಆಗಬಾರದು" ಅಂದರು. ಬಸ್ಸಿನಲ್ಲಿ ಹೋದರೆ ನಿಂತವರ ಚೀಲ, ಮೊಣಕೈ ಎಲ್ಲ ಆ ಭುಜಕ್ಕೇ ಬಡಿಯುತ್ತಿದ್ದವು. ಆಟೋ ಒಂದರಿಂದ ಇನ್ನೊಂದಕ್ಕೆ ಬದಲಿಸಬೇಕು. ಅಂಗಡಿ ಮುಚ್ಚಿತ್ತು. ಗಾಡಿ ಅಂಗಳದಲ್ಲಿ ಚಾದರ ಹೊದ್ದು ನಿಂತಿತ್ತು.

ಮದುವೆಗೆ ಮೊದಲು ನಾನು ಸ್ಕೂಟಿ ಓಡಿಸುತ್ತಿದ್ದೆ. ಅದನ್ನು ನೆನಪಿಟ್ಟುಕೊಂಡವರು ಭಾವ. ಒಂದು ಸಂಜೆ ಚಹಾ ಕುಡಿಯುತ್ತ ಅತ್ತೆಗೆ ಹೇಳಿದ್ದು ಒಳಗೆ ನನಗೆ ಕೇಳಿಸಿತು.

"ಅವ್ವಾ, ಸಣ್ಣಾಕಿ ಗಾಡಿ ಕಲೀಲಿ."

"ಯಾರು? ಆ ಎಮ್ಮಿಯಂಥಾ ಗಾಡಿ?"

"ಎಮ್ಮಿ ಹಿಂಡಾಕ ಬರ್ತದಲ್ಲ ಆಕಿಗಿ."

"ಕಲಸಾಂವ ಯಾರು? ನಿನ್ನ ತಮ್ಮ ಕಲಸಾಕ ಕುಂತ್ರ ಇಬ್ರೂ ಬಡದಾಡ್ತಾರ."

ಕಪ್ಪು ಕೆಳಗಿಟ್ಟ ಸದ್ದಾಯಿತು. "ನಾ ಕಲಸ್ತೀನಿ. ನೀ ನಡಕ ಇರು."

ಹೀಗೆ ಅತ್ತೆ ನನ್ನ ಹಿಂದೆ ಗಾಡಿ ಹತ್ತಿದರು. ಕಬ್ಬಿನ ಸೀಜನ್ ಮುಗಿದು ಕಾರ್ಖಾನೆಯ ಬಯಲು ಖಾಲಿ ಬಿದ್ದಿತ್ತು. ಭಾವ ಬಯಲಿನ ಆ ತುದಿಯಲ್ಲಿ ಬೆನ್ನು ಅರ್ಧ ತಿರುಗಿಸಿ ನಿಲ್ಲುವರು. ನಾನು ಮೊದಲ ದಿನ ಹೆಲ್ಮೆಟ್ಟಿನ ಮೇಲೆ ಓಢಣಿ ಹೊದ್ದುಕೊಳ್ಳಲು ಒದ್ದಾಡುತ್ತಿದ್ದಾಗ ಅತ್ತೆಯೇ ತೀರ್ಪು ಕೊಟ್ಟರು. "ತೆಗಿಯೇ ಅದನ್ನ. ಟೋಪಿ ಹಾಕ್ಕೊಂಡ್ರ ಸೆರಗು ಹೊತ್ತಂಗೇ. ಮಾರಿ ಸಹ ಕಾಣಂಗಿಲ್ಲ." ಅಂದಿನಿಂದ ಗಾಜು ಇಳಿಸಿದ ಹೆಲ್ಮೆಟ್ಟು ನಮ್ಮ ಮನೆಯಲ್ಲಿ ಸೆರಗೆಂದು ಲೆಕ್ಕಕ್ಕೆ ಬಂತು.

ಓಡಿಸುವುದು ನನಗೆ ಬೇಗ ಬಂತು. ನಿಲ್ಲಿಸುವುದು ಬರಲಿಲ್ಲ. ಸ್ಕೂಟಿಗೆ ಗೇರಿಲ್ಲ, ಎರಡು ಬ್ರೇಕು ಹಿಡಿದರಾಯಿತು. ಇಲ್ಲಿ ನಾನು ಹೆದರಿ ಮೊದಲು ಕ್ಲಚ್ ಹಿಡಿಯುತ್ತಿದ್ದೆ. ಗಾಡಿ ಬಿಟ್ಟ ಬಾಣದ ಹಾಗೆ ಮುಂದೆ ಸರಿಯುತ್ತಿತ್ತು. ಆಮೇಲೆ ಗೇರು ಎರಡೆರಡು ಒತ್ತಿ ಕ್ಲಚ್ ಬಿಟ್ಟರೆ ಹಿಂದಿನ ಗಾಲಿ ಗರ್ರೆಂದು ಜಗ್ಗಿ ಅತ್ತೆಯ ಹಣೆ ನನ್ನ ಹೆಲ್ಮೆಟ್ಟಿಗೆ ಬಡಿಯುತ್ತಿತ್ತು.

"ಅವ್ವಾ, ಆಕಿಗಿ ಹೇಳು. ಮೊದ್ಲೇ ಕ್ಲಚ್ ಹಿಡಿಬ್ಯಾಡ ಅನ್ನು. ಗಾಡಿ ಗೇರಿನಾಗೇ ಇರ್ಲಿ, ಇಂಜಿನ್ನೇ ಅರ್ಧ ನಿಲ್ಲಸ್ತದ."

"ಕೇಳ್ದೇನು? ಇಂಜಿನ್ ಅರ್ಧಕ್ಕೇ ನಿಲ್ತದಂತ."

"ಹಂಗಲ್ಲವ್ವಾ..."

"ನೀ ಸುಮ್ಮನಿರಪ್ಪ, ನಾ ಹೇಳಾಕತ್ತೀನಲ್ಲ! ನನ್ನ ಹಣಿ ಬಾತದ, ಮದ್ಲ ಅದನ್ನ ನೋಡ್ರಿ ಇಬ್ರೂ."

ಒಮ್ಮೆ ಅವರು ಬಹಳ ಹೊತ್ತು ಯೋಚಿಸಿ ಕೇಳಿದರು. "ಅವ್ವಾ, ನೀ ರೊಟ್ಟಿ ಹಂಚಿಗಿ ಹ್ಯಾಂಗ ಹಾಕ್ತಿ?"

"ಹ್ಯಾಂಗ ಹಾಕ್ತಾರ? ಒಂದ್ ಅಂಚು ಮದ್ಲ ಹಚ್ಚಿ, ಆಮ್ಯಾಗ ಮೆತ್ತಗ ಪೂರಾ ಬಿಡೋದು. ಧಪ್ಪಂತ ಒಗದ್ರ ಹರೀತದ."

"ಕ್ಲಚ್ ಹಂಗ ಬಿಡಾಕ ಹೇಳು. ಒಂದ್ ಗೇರು ಇಳಸ್ಬೇಕು, ರೇಸ್ ಜರಾ ಮುಟ್ಟಬೇಕು, ಆಮ್ಯಾಗ ಅಂಚು ಹಚ್ಚಿ ಬಿಡಬೇಕು."

ಅತ್ತೆ ಅದನ್ನು ನನಗೆ ದಾಟಿಸಲಿಲ್ಲ. ದಾಟಿಸುವ ಅಗತ್ಯವಿರಲಿಲ್ಲ. ನಾನು ಒಂದು ಸುತ್ತು ಹೋಗಿ ಬಂದೆ. ನಾಲ್ಕು, ಮೂರು, ಎರಡು. ಎಡಗೈಯ ಬೆರಳುಗಳಿಗೆ ಹಂಚಿನ ಶಾಖ ತಾಗಿದಂತಿತ್ತು. ಗಾಡಿ ಅವರ ಸಮೀಪ ಬಂದು ನಿಂತಾಗ ಅತ್ತೆ ಕೇಳಿದರು, "ಯಾಕ, ನಿಂತೇನು?" ನಿಂತದ್ದು ಅತ್ತೆಗೆ ತಿಳಿದಿರಲಿಲ್ಲ. ಭಾವ ತಲೆಯಾಡಿಸಿ ತಮ್ಮ ಗಾಡಿಯ ಕಡೆ ನಡೆದರು. ಅದೇ ಪರೀಕ್ಷೆ, ಅದೇ ಫಲಿತಾಂಶ.

ಆಮೇಲೆ ತಾಂಡೂರಿನ ದಾರಿ ಶುರುವಾಯಿತು. ಅವರು ಮುಂದೆ ತಮ್ಮ ಗಾಡಿಯಲ್ಲಿ, ಹಿಂದೆ ನಾನು, ನನ್ನ ಬೆನ್ನಿಗೆ ಕೈ ಜೋಳಿಗೆಯಲ್ಲಿ ಕಟ್ಟಿಕೊಂಡ ನನ್ನ ಗಂಡ. ಈಗ ಅತ್ತೆ ನಡುವೆ ಇರಲಿಲ್ಲ. ಭಾವ ಕಲಿಸುವುದು ಹೇಗೆ? ಎರಡನೆಯ ದಿನವೋ ಮೂರನೆಯ ದಿನವೋ ನನಗೆ ತಿಳಿಯಿತು, ಅವರ ಹಿಂದಿನ ಕೆಂಪು ದೀಪ ಮಾತಾಡುತ್ತಿದೆ ಎಂದು.

ಗೇರು ಇಳಿಸಿ ವೇಗ ತಗ್ಗಿಸಿದರೆ ಹಿಂದಿನ ದೀಪ ಹತ್ತುವುದಿಲ್ಲ. ಬ್ರೇಕು ಮುಟ್ಟಿದರೆ ಮಾತ್ರ ಹತ್ತುತ್ತದೆ. ಇಂಜಿನ್ನಿನಿಂದಲೇ ನಿಧಾನ ಮಾಡುವವರು ಹಿಂದಿನವರಿಗೆ ಸುಳಿವು ಕೊಡದೆಯೇ ನಿಧಾನವಾಗುತ್ತಾರೆ. ಅದಕ್ಕೆ ಅವರು ಗೇರಿಗೆ ಕಾಲಿಡುವ ಮೊದಲೇ ಬ್ರೇಕಿನ ಮೇಲೆ ಬೆರಳು ಇಟ್ಟೂ ಇಡದ ಹಾಗೆ ಮುಟ್ಟುತ್ತಿದ್ದರು. ಗಾಡಿಯ ವೇಗ ಅದರಿಂದ ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ. ದೀಪ ಮಾತ್ರ ಒಮ್ಮೆ ಮಿನುಗುತ್ತಿತ್ತು. ಈಗ ಮೂರಕ್ಕೆ. ಮತ್ತೆ ಮಿನುಗಿತು, ಎರಡಕ್ಕೆ. ದೀಪ ಹತ್ತಿಯೇ ಉಳಿದರೆ, ನಿಲ್ಲುವ ಹೊತ್ತು. ಪೂರ್ತಿ ನಿಲ್ಲುವ ಕೊನೆಯ ಗಳಿಗೆಯಲ್ಲಿ ದೀಪ ಆರಿಬಿಡುತ್ತಿತ್ತು. ಅಷ್ಟೊತ್ತಿಗೆ ಅವರು ಬ್ರೇಕನ್ನು ಸಡಿಲ ಬಿಟ್ಟಿರುತ್ತಿದ್ದರು, ಗಾಡಿ ತಾನೇ ಕೊನೆಯ ಗೇಣು ಉರುಳಿ ನಿಲ್ಲುತ್ತಿತ್ತು. ಕೊನೆಗೆ ಬಿಗಿ ಹಿಡಿದರೆ ಹಿಂದೆ ಕೂತವರು ಮುಂದೆ ಬಾಗಿ ಹಿಂದಕ್ಕೆ ಬೀಳುತ್ತಾರೆ. ಭುಜ ನೋಯುವುದು ಅಲ್ಲಿಯೇ. ಇದನ್ನು ಯಾರೂ ನನಗೆ ಬಾಯಿಂದ ಹೇಳಲಿಲ್ಲ. ದೀಪ ಆರುವುದನ್ನು ನೋಡಿ ನೋಡಿ ನನ್ನ ಬೆರಳೂ ಸಡಿಲವಾಗತೊಡಗಿದವು.

ನನ್ನ ಗಂಡ ನನ್ನ ಬೆನ್ನ ಹಿಂದೆ ನೋವಿಗೆ ಸುಯ್ಯೆಂದು ಉಸಿರೆಳೆಯುತ್ತಿದ್ದರು. ಆ ಉಸಿರು ದಿನದಿನಕ್ಕೆ ಕಡಿಮೆಯಾಗುತ್ತ ಬಂತು. ಡಾಕ್ಟರಮ್ಮನೂ ಒಂದು ದಿನ ಭುಜ ಮುಟ್ಟಿ ನೋಡಿ, "ಈಗ ಕಾರು ತಗೊಂಡಿರಾ?" ಎಂದು ಕೇಳಿದರು.

ಒಂದು ಸಲ ಮಾತ್ರ ಕೆಟ್ಟಿತು. ತಾಂಡೂರಿನ ಹೊರಗೆ ಕಲ್ಲು ಕೊಯ್ಯುವ ಕಾರ್ಖಾನೆಗಳ ಬಿಳಿ ಕೆಸರು ರಸ್ತೆಗೆ ಹರಿದಿತ್ತು. ಎದುರಿಗೆ ಒಂದು ಲಾರಿ ಅಡ್ಡ ಬಂತು. ನಾನು ಗಾಬರಿಯಲ್ಲಿ ಎರಡು ಗೇರು ಒಮ್ಮೆಲೇ ಒತ್ತಿ ಕ್ಲಚ್ ಬಿಟ್ಟೆ. ಹಿಂದಿನ ಗಾಲಿ ಜಾರಿ ಗಾಡಿ ಪಕ್ಕಕ್ಕೆ ತಿರುಗಿ ನಿಂತಿತು. ಬೀಳಲಿಲ್ಲ. ಆದರೆ ನನ್ನ ಗಂಡ ಭುಜ ಹಿಡಿದುಕೊಂಡು ಚೀರಿದರು, ಆಮೇಲೆ ಬೈದರು. ರಸ್ತೆಯ ಪಕ್ಕದ ಚಹಾದಂಗಡಿಯಲ್ಲಿದ್ದವರು ಎದ್ದು ನೋಡಿದರು. ಅವರಲ್ಲೊಬ್ಬ ನಗುತ್ತ, "ಅಕ್ಕಾ, ಗಾಡಿ ನಿಮ್ಮನ್ನ ಹೊಡೀಲತ್ತದೋ, ನೀವು ಗಾಡಿ ಹೊಡೀಲತ್ತೀರೋ?" ಅಂದ.

ಮುಂದೆ ಹೋಗಿದ್ದ ಭಾವ ತಿರುಗಿ ಬಂದರು. ನನ್ನ ಕಡೆ ನೋಡಲಿಲ್ಲ. ತಮ್ಮನ ಭುಜ ಮೆಲ್ಲಗೆ ಮುಟ್ಟಿ, "ಯಾಕ ಬೈತಿ? ನಾ ಮುಂದ ದೀಪ ತಡಾ ಮಾಡಿ ತೋರಿಸ್ದೆ. ಬೈಯೋದಿದ್ರ ನನಗ ಬೈ" ಅಂದರು. ಆಮೇಲೆ ಚಹಾದಂಗಡಿಯವನ ಕಡೆ ಹೊರಳಿದರು. "ಭಾಯಿ, ಮೂರು ಚಾ. ಒಂದು ಛಲೋ ಸಕ್ರಿ ಹಾಕಿ. ನಮ್ಮ ಮನಿ ಡ್ರೈವರ್ ಜಹೀರಾಬಾದಿನಿಂದ ಒಂದೇ ದಮ್ಮಿಗೆ ಬಂದಾರ." ನಕ್ಕವನು ಬೆಂಚಿನ ಮೇಲೆ ಜಾಗ ಬಿಟ್ಟ. ನಾನು ಆ ಚಹಾ ಹೆಲ್ಮೆಟ್ಟಿನ ಗಾಜು ಅರ್ಧ ಎತ್ತಿ, ಅವರಿಗೆ ಬೆನ್ನು ಮಾಡಿ ಕುಡಿದೆ. ಚಹಾ ತೀರ ಸಿಹಿಯಾಗಿತ್ತು.

ನನ್ನ ಗಂಡನ ಕೈ ಪೂರ್ತಿ ಬರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ, ತುತ್ತು ಕಲಸುತ್ತಾರೆ, ಅಂಗಡಿಯಲ್ಲಿ ಪೆನ್ನು ಹಿಡಿಯುತ್ತಾರೆ. ಗಾಡಿಯ ರೇಸು ಹಿಡಿಯುವಷ್ಟು ಬಿಗಿ ಬರಲಿಲ್ಲ. ಅದಕ್ಕೇ ನಾರಾಯಣಖೇಡದ ಕಡೆಯ ರೈತರಿಗೆ ಬಿಡಿಭಾಗ ಮುಟ್ಟಿಸುವ ಕೆಲಸ ನನ್ನದಾಯಿತು. ಭಾವ ನನ್ನ ಮುಂದೆ ದಾರಿ ತೋರಿಸುತ್ತ ಬರುವುದನ್ನು ನಿಲ್ಲಿಸಿದರು. ಒಂದು ದಿನ ಅತ್ತೆಯ ಎದುರು ಅಂದರಂತೆ, "ಇನ್ನ ನನ್ನ ದೀಪ ಬ್ಯಾಡ ಆಕಿಗಿ." ಅವರು ಹೊಗಳಿದ್ದೆಂದರೆ ಅಷ್ಟೇ. ಅಂದು ನನಗೆ ಖುಷಿಯೂ ಆಯಿತು, ಒಂಟಿಯಾದಂತೆಯೂ ಆಯಿತು.

ಹಳ್ಳದ ತಿರುವಿನ ವಿಷಯ ನನಗೆ ಗೊತ್ತಾದದ್ದು ಆಗಲೇ. ಅಲ್ಲಿ ರಸ್ತೆ ಅಗಲವಾಗಿದೆ, ನಾಲ್ಕನೇ ಗೇರಿನಲ್ಲಿಯೇ ತಿರುಗಬಹುದು. ನಾನು ಹಾಗೆಯೇ ತಿರುಗುತ್ತಿದ್ದೆ. ಅವರೇಕೆ ಅಲ್ಲಿಂದಲೇ ಇಳಿಸುತ್ತಾರೆ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದರು. "ನಿನ್ನ ಸಲ್ಯಾಕ. ನೀ ಮದುವ್ಯಾಗಿ ಬಂದ ಹೊಸತರಾಗ ಅಂಗಳದಾಗ ತಲಿ ಹಿಕ್ಕೊಂಡು ಕುಂತಿದ್ದಿ. ಅಂವ ಧಡಕ್ಕನ ಬಂದಾ, ನೀ ಓಡಿ ಹೋಗಾಕ ಹೋಗಿ ಹೊಸ್ತಲಕ್ಕ ಬಿದ್ದಿ. ಆವತ್ತಿಂದ ಹಳ್ಳದಾಗೇ ಗೇರು ತೆಗೀತಾನ. ಮನಿಯಾಗಿನವ್ರಿಗಿ ಟೈಮ್ ಸಿಗ್ಲಿ ಅಂತ."

ನಾನು ಬಿದ್ದದ್ದು ನನಗೆ ಮರೆತೇಹೋಗಿತ್ತು.

ಅವರ ಯಕೃತ್ತಿನಲ್ಲಿ ಗಡ್ಡೆ ಇದೆಯೆಂದು ತಿಳಿದದ್ದು ಮರುವರ್ಷ. ಒಂದು ಮಧ್ಯಾಹ್ನ ನಾನು ಅಂಗಳದಲ್ಲಿ ಬರಿದಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಬಾಗಿಲಲ್ಲಿ ಯಾರೋ ಕೆಮ್ಮಿದರು. ತಲೆ ಎತ್ತಿದರೆ ಅವರು. ಕೈಯಲ್ಲಿ ಹೆಲ್ಮೆಟ್ಟಿಲ್ಲ, ಔಷಧದ ಚೀಲ. ಬಸ್ಸಿಳಿದು ನಡೆದು ಬಂದಿದ್ದರು. ನಾನು ಎದ್ದು ಸೆರಗು ಹುಡುಕುವವರೆಗೆ ಅವರು ಬೀದಿಯ ಕಡೆ ಮುಖ ಮಾಡಿ ನಿಂತರು. ಅಂದಿನಿಂದ ಹೊರಗಿನಿಂದ ಬಂದಾಗಲೆಲ್ಲ ಓಣಿಯ ಬಾಯಲ್ಲಿ ಒಮ್ಮೆ, ಬಾಗಿಲಲ್ಲಿ ಒಮ್ಮೆ ಕೆಮ್ಮುತ್ತಿದ್ದರು. ಗಾಡಿಯ ದನಿ ಇದ್ದ ಜಾಗದಲ್ಲಿ ಆ ಕೆಮ್ಮು ಕೇಳುವುದು ನನಗೆ ಸಹಿಸಲಾಗುತ್ತಿರಲಿಲ್ಲ. ನೋವಿಗೆ ನಿದ್ದೆ ಇರಲಿಲ್ಲ ಅವರಿಗೆ. ಕೂತರೂ ನಿದ್ದೆಯಿಲ್ಲ, ಮಲಗಿದರೂ ಇಲ್ಲ. ಕಣ್ಣು ಒಳಗೆ ಹೋಗಿದ್ದವು.

ತಾಯಿಯಿಲ್ಲದ ಅವರ ಒಬ್ಬಳೇ ಮಗಳನ್ನು ನಾರಾಯಣಖೇಡಕ್ಕೆ ಕೊಟ್ಟಿದೆ. ಅವಳಿಗೆ ದಿನ ತುಂಬುತ್ತಿದ್ದವು, ಬರುವಂತಿರಲಿಲ್ಲ. ಅವರಿಗೆ ಮಗಳನ್ನು ನೋಡಬೇಕಿತ್ತು. ಬಸ್ಸಿನಲ್ಲಿ ನಿಲ್ಲುವ ಶಕ್ತಿ ಇರಲಿಲ್ಲ. ಜೀಪು ಗೊತ್ತುಮಾಡಿ ಒಮ್ಮೆ ಹೊರಟು, ಅದರ ಕುಲುಕಾಟ ತಾಳದೆ ಹಳ್ಳದ ಹತ್ತಿರದಿಂದಲೇ ತಿರುಗಿ ಬಂದಿದ್ದರು.

ಒಂದು ದಿನ ನಾನು ನಾರಾಯಣಖೇಡಕ್ಕೆ ಹೊರಡಲು ಗಾಡಿ ತೆಗೆಯುತ್ತಿದ್ದೆ. ಅತ್ತೆ ಒಳಗಿನಿಂದ ಒಂದು ಕೌದಿ ಮಡಚಿಕೊಂಡು ತಂದು ನನ್ನ ಹಿಂದಿನ ಸೀಟಿನ ಮೇಲೆ ಇಟ್ಟರು. ದೊಡ್ಡ ಮಗನ ಕಡೆ ತಿರುಗಿದರು.

"ಹತ್ತು."

"ಅವ್ವಾ, ಏನ್ ಮಾತಾಡ್ತಿ? ಮಂದಿ ಏನಂದಾರು?"

"ಮಂದಿ ನಿನ್ನ ಮಗಳನ್ನ ತಂದು ತೋರಸ್ತಾರೇನು? ನಡಕ ಕೌದಿ ಅದ. ನಾ ಹೊಲ್ದದ್ದು. ಕೌದಿ ಅಂದ್ರ ನಾನೇ ಕುಂತಂಗ. ಹತ್ತು."

ಭಾವ ನನ್ನ ಗಂಡನ ಮುಖ ನೋಡಿದರು. ನನ್ನ ಗಂಡ ಅಣ್ಣನ ಹೆಲ್ಮೆಟ್ಟು ತಂದು, ಆ ಅರೆಬರೆ ಕೈಯಿಂದಲೇ ಅವರ ತಲೆಗೆ ಹಾಕಿ, ಪಟ್ಟಿ ಬಿಗಿದರು.

ಅವರು ಸೀಟಿನ ತೀರ ತುದಿಗೆ ಕೂತು, ಹಿಂದಿನ ಕಬ್ಬಿಣದ ಹಿಡಿಕೆ ಹಿಡಿದುಕೊಂಡರು. ನಮ್ಮಿಬ್ಬರ ನಡುವೆ ಕೌದಿ. ನಾನು ಹಳ್ಳದ ತಿರುವನ್ನು ಮೂರರಲ್ಲಿ ತಿರುಗಿಸಿದೆ. ಅವರು ಏನೂ ಅನ್ನುವಂತಿರಲಿಲ್ಲ, ನಡುವೆ ಮಾತು ದಾಟಿಸುವವರು ಯಾರೂ ಇರಲಿಲ್ಲ. ಕಬ್ಬಿನ ಹೊಲಗಳ ನಡುವೆ ಹೋಗುವಾಗ ಒಂದೇ ಯೋಚನೆ. ಇವರ ಹೊಟ್ಟೆಗೆ ಒಂದು ಕುಲುಕು ಮುಟ್ಟಬಾರದು. ಎದುರಿಗೆ ಟ್ರಾಲಿ ಕಂಡರೆ ದೂರದಿಂದಲೇ ಬ್ರೇಕು ಮುಟ್ಟಿ ಹಿಂದಿನವರಿಗೆ ದೀಪ ತೋರಿಸಿ, ಒಂದು ಗೇರು, ಸ್ವಲ್ಪ ರೇಸು, ಅಂಚು ಹಚ್ಚಿ ಬಿಡುವುದು. ಮತ್ತೊಂದು ಗೇರು.

ಮಂಜೀರಾದ ದೊಡ್ಡ ಸೇತುವೆಗೆ ಇಳಿಜಾರಿದೆ. ಅಲ್ಲಿ ಎರಡನೇ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತಿತ್ತು. ಕೆಳಗೆ ನೀರು ಹೊಳೆಯುತ್ತಿತ್ತು. ಆಗ ನನ್ನ ಬೆನ್ನಿಗೆ ಏನೋ ತಾಗಿತು.

ಅವರ ಹೆಲ್ಮೆಟ್ಟು. ಕೌದಿಯ ಮೇಲಿನಿಂದ ಬಾಗಿ ನನ್ನ ಎರಡು ಭುಜಗಳ ನಡುವೆ ಬಂದು ಕೂತಿತ್ತು. ಮೂರ್ಛೆ ಹೋದರೇನೋ ಎಂದುಕೊಂಡೆ. ವೇಗ ಇನ್ನೂ ತಗ್ಗಿಸಿ ಕಿವಿಗೊಟ್ಟೆ. ಉದ್ದನೆಯ ಉಸಿರು ಕೇಳಿಸಿತು. ಅದರ ಹಿಂದೆಯೇ ಸಣ್ಣ ಗೊರಕೆ.

ಅವರು ನಿದ್ದೆ ಹೋಗಿದ್ದರು.

ಗಾಡಿಯನ್ನು ಮೆಲ್ಲಗೆ ರಸ್ತೆಯ ಅಂಚಿಗೆ ನಿಲ್ಲಿಸಿ, ಒಂದು ಕೈ ಹಿಂದೆ ಚಾಚಿ ಅವರ ತೋಳನ್ನು ಕೌದಿಯ ಸಮೇತ ನನ್ನ ಸೊಂಟಕ್ಕೆ ಆತುಕೊಳ್ಳುವಂತೆ ಎಳೆದುಕೊಂಡೆ. ನಮ್ಮ ಮನೆತನದ ಯಾವ ಸೊಸೆಯೂ ಮಾಡದ ಕೆಲಸ. ಕೊರಳಿನ ಓಢಣಿ ತೆಗೆದು ಅದರಿಂದ ಅವರ ತೋಳನ್ನು ನನ್ನ ನಡುವಿಗೆ ಸುತ್ತಿ ಗಂಟು ಹಾಕಿದೆ. ಮತ್ತೆ ಹೊರಟೆ. ಸೈಕಲ್ಲಿನವರೂ ನಮ್ಮನ್ನು ದಾಟಿ ಹೋದರು. ಖೇಡ ಬಂತು. ಅವರ ಮಗಳ ಮನೆ ಊರ ಈ ತುದಿಯಲ್ಲೇ ಇದೆ. ಬಾಗಿಲು ತೆರೆದಿತ್ತು. ನಾನು ನಿಲ್ಲಿಸಲಿಲ್ಲ. ಊರು ದಾಟಿ ನಾಗಲಗಿದ್ದದ ರಸ್ತೆಗೆ ಹೊರಳಿದೆ. ಅಲ್ಲಿ ವಾಹನಗಳು ಕಡಿಮೆ, ತೊಗರಿ ಹೊಲಗಳು, ನೆಟ್ಟಗಿನ ದಾರಿ. ಎಷ್ಟು ದೂರ ಹೋದೆನೋ. ಗೇರು ಬದಲಿಸುವ ಗೋಜಿಗೇ ಹೋಗದೆ ಮೂರರಲ್ಲೇ ಹೋಗಿ, ದೊಡ್ಡ ಸುತ್ತು ಹಾಕಿ, ತಿರುಗಿ ಬಂದೆ.

ಬಾಗಿಲ ಮುಂದೆ ಕೊನೆಯ ಗೇಣು ಗಾಡಿ ತಾನೇ ಉರುಳಿ ನಿಂತಿತು. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ಓಡಿ ಬಂದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳು ನೋಡಿದಳು, ಅಲ್ಲೇ ಹೊಸ್ತಿಲ ಮೇಲೆ ಕೂತಳು. ಇಂಜಿನ್ ಬಂದ್ ಮಾಡಿದರೆ ದನಿ ನಿಂತು ಎಚ್ಚರವಾದೀತೆಂದು ಹಾಗೆಯೇ ಬಿಟ್ಟೆ. ಎರಡೂ ಕಾಲು ನೆಲಕ್ಕೆ ಊರಿ, ಗಾಡಿಯ ಭಾರ, ಅವರ ಭಾರ ಹಿಡಿದುಕೊಂಡು ನಿಂತೆ.

ಬಹಳ ಹೊತ್ತಿನ ಮೇಲೆ ಹೆಲ್ಮೆಟ್ಟು ಸ್ವಲ್ಪ ಅಲುಗಿತು. ಕಣ್ಣು ತೆರೆದಿರಲಾರದು. ನಿದ್ದೆಯ ದನಿಯಲ್ಲಿ, ನಡುವೆ ಯಾರನ್ನೂ ಇಟ್ಟುಕೊಳ್ಳದೆ, ಅವರು ನನ್ನನ್ನು ಕೇಳಿದರು.

"ಊರು ಬಂತೇನವ್ವಾ?"

ಮನೆ ಎದುರಿಗೇ ಇತ್ತು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವರೊಂದಿಗೆ ನಾನು ಆಡಿದ ಮಾತು ಇಷ್ಟೇ.

"ಇಲ್ರಿ ಭಾವಾ. ಇನ್ನಾ ದೂರ ಅದ. ಮಕ್ಕೊಳ್ರಿ."